ಬಿಸಿನೀರಿಗೆ ಪ್ರೆಶರ್ ಇಲ್ಲ

ಊರಿನಲ್ಲಿ 'ಪ್ರೆಶರ್' ಎಂದರೆ ಅಜ್ಜನಿಗಿರುವ ಕಾಯಿಲೆ. ಉಪ್ಪು ಕಡಿಮೆ ತಿನ್ನಬೇಕು, ಸಿಟ್ಟು ಮಾಡಿಕೊಳ್ಳಬಾರದು. ಮುಂಬಯಿಗೆ ಬಂದವರಿಗೆ ಅದೇ ಪದದ ಇನ್ನೊಂದು ಅರ್ಥ ಮೊದಲ ವಾರದಲ್ಲೇ ತಿಳಿಯುತ್ತದೆ. "ಇವತ್ತು ಪ್ರೆಶರ್ ಇಲ್ಲ" ಎಂದು ಪಕ್ಕದ ಮನೆಯಾಕೆ ಹೇಳಿದರೆ ಅದು ನೀರಿನ ಮಾತು. ಹಾಗೆ ಹೇಳುವಾಗ ಮರಾಠಿಯವರು, ಗುಜರಾತಿಯವರು, ನಾವು, ಎಲ್ಲರೂ ಒಂದೇ ಪದ ಬಳಸುತ್ತೇವೆ. ಈ ಪ್ರೆಶರ್‌ನ ತಂಟೆಗಳಲ್ಲೆಲ್ಲ ವಿಚಿತ್ರವಾದದ್ದು ಬಿಸಿನೀರಿನದು. ಒಂದೇ ಬಚ್ಚಲು, ಒಂದೇ ಗೋಡೆ, ಅಕ್ಕಪಕ್ಕದ ಎರಡು ನಳ. ತಣ್ಣೀರಿನದು ಭರ್ರನೆ ಸುರಿಯುತ್ತದೆ, ಬಿಸಿನೀರಿನದು ದಾರದ ಹಾಗೆ ಇಳಿಯುತ್ತದೆ. ಮೆಕ್ಯಾನಿಕ್ ಬಂದು ಗೀಸರ್ ತಟ್ಟಿ ನೋಡಿ "ಊಪರ್ ಸೇ ಪ್ರೆಶರ್ ನಹೀ ಹೈ ಸಾಬ್" ಎನ್ನುತ್ತಾನೆ. ಸೊಸೈಟಿಯ ಸೆಕ್ರೆಟರಿಯನ್ನು ಕೇಳಿದರೆ "ನಿಮ್ಮ ಗೀಸರೇ ಖರಾಬ್" ಎನ್ನುತ್ತಾರೆ. ಇಬ್ಬರ ಮಾತೂ ಒಂದೊಂದು ಕಾಲಕ್ಕೆ ಸರಿ. ಯಾವಾಗ ಯಾರದು ಸರಿ ಎಂದು ತಿಳಿಯಬೇಕಾದರೆ ಸುಮಾರು 170 ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಆಗ ಮುಂಬಯಿಯ ನೀರಿಗೆ ಒತ್ತಡವೇ ಇರಲಿಲ್ಲ, ಯಾಕೆಂದರೆ ಅದು ಪೈಪಿನಲ್ಲಿ ಬರುತ್ತಿರಲಿಲ್ಲ. ಬಾವಿ, ಕೆರೆಗಳಿಂದ ಸೇದಿ ತರುವುದು, ಅಥವಾ ಭಿಸ್ತಿಗಳು ಚರ್ಮದ ಚೀಲದಲ್ಲಿ ಹೊತ್ತು ತಂದು ಸುರಿಯುವುದು. ಧೋಬಿ ತಲಾವ್, ಗೋವಾಳಿಯಾ ಟ್ಯಾಂಕ್ ಮುಂತಾದ ಹೆಸರುಗಳು ಆ ಕಾಲದವು. ಕೆರೆ ಹೋಗಿ ಹೆಸರು ಉಳಿದಿದೆ. 1854ರಲ್ಲಿ ಮಳೆ ಕೈಕೊಟ್ಟು ದ್ವೀಪದ ಜನ ನೀರಿಗೆ ಪರದಾಡಿದ ಮೇಲೆ ಹೆನ್ರಿ ಕೋನಿಬೇರ್ ಎಂಬ ಎಂಜಿನಿಯರ್ ಸಾಲ್ಸೆಟ್‌ನ ವಿಹಾರ್ ಕಣಿವೆಗೆ ಕಟ್ಟೆ ಕಟ್ಟುವ ಯೋಜನೆ ಮುಂದಿಟ್ಟರು. 1856ರಲ್ಲಿ ಕೆಲಸ ಶುರುವಾಗಿ 1860ರಲ್ಲಿ ವಿಹಾರ್ ನೀರು ಪೇಟೆಗೆ ಹರಿಯಿತು. ಯಂತ್ರ ಏನೂ ಇಲ್ಲ. ಮೇಲಿನ ಕೆರೆಯ ನೀರು ತಗ್ಗಿನ ಊರಿಗೆ ತಾನಾಗಿ ಬಂತು. ಹತ್ತು ಮೀಟರ್ ಎತ್ತರದ ನೀರು ತಳದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತುತ್ತದೆ ಎಂಬ ಲೆಕ್ಕ ಅವತ್ತಿನಿಂದ ಇವತ್ತಿನವರೆಗೆ ಈ ನಗರದ ಹಣೆಬರಹವಾಗಿದೆ.

ವಿಹಾರ್ ಸಾಲಲಿಲ್ಲ. 1879ರಲ್ಲಿ ತುಳಸಿ, 1892ರಲ್ಲಿ ತಾನ್ಸಾ, ಸ್ವಾತಂತ್ರ್ಯದ ನಂತರ 1957ರಲ್ಲಿ ಕೆಳ ವೈತರಣಾ. ಈ ಕೊನೆಯದನ್ನು ನಾವು ಮೋಡಕ್ ಸಾಗರ್ ಎನ್ನುವುದು ನಗರದ ಎಂಜಿನಿಯರ್ ಆಗಿದ್ದ ಎನ್.ವಿ. ಮೋಡಕ್ ಅವರ ನೆನಪಿಗೆ. ಆಮೇಲೆ ಮೇಲಿನ ವೈತರಣಾ, ಭಾತ್ಸಾ, 2014ರಲ್ಲಿ ಮಧ್ಯ ವೈತರಣಾ. ಒಟ್ಟು ಏಳು. ಜುಲೈ ತಿಂಗಳಲ್ಲಿ ಪತ್ರಿಕೆಯ ಮೂಲೆಯಲ್ಲಿ 'ಏಳು ಕೆರೆಗಳ ಮಟ್ಟ' ಎಂದು ಬರುವ ಪಟ್ಟಿ ಇದೇ. ಊರಿನ ನದಿ ತುಂಬಿತೇ ಎಂದು ಫೋನಿನಲ್ಲಿ ಕೇಳುವ ನಾವು ಈ ಪಟ್ಟಿಯನ್ನೂ ಅಷ್ಟೇ ಆಸೆಯಿಂದ ಓದುತ್ತೇವೆ. ಭಾತ್ಸಾದ ನೀರನ್ನು ನದಿಯಿಂದ ಪಂಪ್ ಮಾಡಿ ಮೇಲೆತ್ತಬೇಕು. ಉಳಿದವುಗಳ ನೀರು ಬಹುಮಟ್ಟಿಗೆ ಇಳಿಜಾರಿನಲ್ಲೇ ಬರುತ್ತದೆ. ಬೆಂಗಳೂರಿನವರಿಗೆ ಇದು ಕೇಳಿ ಹೊಟ್ಟೆಕಿಚ್ಚಾಗಬೇಕು. ಅವರ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರಿನಷ್ಟು ಎತ್ತರ ಹತ್ತಿ ಬರಬೇಕು.

ಕೆರೆ ಮೇಲಿದ್ದರೆ ಸಾಲದು, ಊರೊಳಗೂ ಎತ್ತರದ ಒಂದು ಜಾಗ ಬೇಕು. 1880ರ ದಶಕದಲ್ಲಿ ಮಲಬಾರ್ ಹಿಲ್‌ನ ನೆತ್ತಿಯ ಮೇಲೆ ಮತ್ತು ಭಂಡಾರವಾಡದ ಗುಡ್ಡದ ಮೇಲೆ ಜಲಾಶಯಗಳಾದವು. ಮಕ್ಕಳನ್ನು ಕರೆದುಕೊಂಡು ನಾವು ಹ್ಯಾಂಗಿಂಗ್ ಗಾರ್ಡನ್ ನೋಡಲು ಹೋಗುತ್ತೇವಲ್ಲ, ಆ ಹುಲ್ಲುಹಾಸು, ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಗಿಡಗಳು, ಎಲ್ಲದರ ಅಡಿಯಲ್ಲಿ ನೀರಿದೆ. ಗಿರ್ಗಾಂವ್, ಗ್ರಾಂಟ್ ರೋಡ್, ಕೊಲಾಬಾ ಕಡೆಯ ನಳಗಳಿಗೆ ಒತ್ತಡ ಬರುವುದು ಅಲ್ಲಿಂದ. 2023ರಲ್ಲಿ ಅದನ್ನು ಒಡೆದು ಹೊಸದಾಗಿ ಕಟ್ಟುವ ಯೋಜನೆ ಬಂದಾಗ ಮರಗಳಿಗಾಗಿ ಜನ ಜಗಳಕ್ಕಿಳಿದರು. ಒಳಗಿನ ಕಲ್ಲಿನ ಕೆಲಸಕ್ಕೆ ಆಗ 130 ವರ್ಷ ದಾಟಿತ್ತು.

ಪೈಪು ಬಂದ ಮೇಲೂ ಬಾವಿಗಳು ಉಳಿದಿದ್ದವು. ಅವು ಮುಚ್ಚಿಹೋದದ್ದು ಸೊಳ್ಳೆಯಿಂದ. 1911ರಲ್ಲಿ ಡಾಕ್ಟರ್ ಬೆಂಟ್ಲಿ ಮುಂಬಯಿಯ ಮಲೇರಿಯಾ ಬಗ್ಗೆ ವರದಿ ಕೊಟ್ಟರು: ರೋಗ ಹರಡುವ ಅನಾಫಿಲಿಸ್ ಸೊಳ್ಳೆ ಹುಟ್ಟುವುದು ಮನೆಯಂಗಳದ ಬಾವಿ, ತೊಟ್ಟಿಗಳಲ್ಲಿ. ಬಾವಿಯ ನೀರು ಪೂಜೆಗೆ ಬೇಕು ಎಂದು ಪಾರ್ಸಿಗಳೂ ಹಿಂದೂಗಳೂ ತಕರಾರು ಮಾಡಿದರೂ, ನೂರಾರು ಬಾವಿಗಳಿಗೆ ಮುಚ್ಚಳ ಬಿತ್ತು ಇಲ್ಲವೇ ಮಣ್ಣು ತುಂಬಿತು. ನಗರ ಪೂರ್ತಿಯಾಗಿ ನಳದ ಕೈಗೆ ಬಂದದ್ದು ಹೀಗೆ. ಮಾಳಿಗೆಯ ಟಾಂಕಿಗೆ ಬಿಗಿಯಾದ ಮುಚ್ಚಳ ಇರಬೇಕು, ಪರೀಕ್ಷೆಗೆ ಏಣಿ ಇರಬೇಕು ಎಂದು ಮಹಾನಗರಪಾಲಿಕೆಯವರು ಇಂದಿಗೂ ನೋಟಿಸು ಕೊಡುವುದರ ಹಿಂದೆ ಇದೇ ಸೊಳ್ಳೆಯ ಭಯವಿದೆ.

ಟಾಂಕಿ ಯಾಕೆ ಬೇಕಾಯಿತು? ಜನ ಹೆಚ್ಚಾದ ಹಾಗೆ ರಸ್ತೆಯ ಪೈಪಿನ ನೀರನ್ನು ಪಾಳಿಯ ಮೇಲೆ ಹಂಚಬೇಕಾಯಿತು. 1950ರಲ್ಲಿ ಅಂಧೇರಿ, ಘಾಟ್ಕೋಪರ್ ಕಡೆಯ ಉಪನಗರಗಳೂ, 1957ರಲ್ಲಿ ದಹಿಸರ್, ಮುಲುಂಡ್ ವರೆಗಿನ ಊರುಗಳೂ ನಗರದೊಳಕ್ಕೆ ಬಂದವು. ಬೆಳಿಗ್ಗೆ ನಿಮ್ಮ ಗಲ್ಲಿಗೆ, ಮಧ್ಯಾಹ್ನ ಪಕ್ಕದ ಗಲ್ಲಿಗೆ. ಚಾವಿವಾಲಾ ಉದ್ದನೆಯ ಕಬ್ಬಿಣದ ಚಾವಿ ಹಿಡಿದು ರಸ್ತೆಯ ಮುಚ್ಚಳ ತೆಗೆದು ವಾಲ್ವ್ ತಿರುಗಿಸುತ್ತಾನೆ. ಒಂದು ವಾರ್ಡಿಗೆ ಬೆಳಗಾಗುವುದು ಅವನ ಕೈಯಲ್ಲಿ. ಈ ಚಾವಿ, ಈ ಒತ್ತಡ, ಅದರ ಸುತ್ತಲಿನ ರಾಜಕೀಯ, ಇವನ್ನೇ ಹಿಡಿದು ನಿಖಿಲ್ ಆನಂದ್ ಎಂಬ ಮಾನವಶಾಸ್ತ್ರಜ್ಞರು 2017ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ನೀರು ಕೆಲವೇ ಗಂಟೆ ಬರುವುದರಿಂದ ಪ್ರತಿ ಕಟ್ಟಡವೂ ನೆಲದಡಿಯ ಟಾಂಕಿಯಲ್ಲಿ ಹಿಡಿದು, ಪಂಪಿನಿಂದ ಮಾಳಿಗೆಗೆ ಏರಿಸಿ, ಅಲ್ಲಿಂದ ಕೆಳಗೆ ಬಿಡುತ್ತದೆ. ಅಂದರೆ ವೈತರಣಾ ಕಣಿವೆಯಿಂದ ಹೊತ್ತು ತಂದ ಒತ್ತಡ ನಮ್ಮ ಗೇಟಿನ ಒಳಗೆ ಬಂದು ಸೊನ್ನೆಯಾಗುತ್ತದೆ. ಅಲ್ಲಿಂದ ಮುಂದೆ ನಿಮ್ಮ ಶವರಿಗೂ ಟಾಂಕಿಯ ನೀರಿಗೂ ನಡುವಿನ ಎತ್ತರ ಎಷ್ಟೋ ಅಷ್ಟೇ ಒತ್ತಡ.

ನಾಲ್ಕು ಮಹಡಿಯ ಹಳೆಯ ಕಟ್ಟಡ ಇಟ್ಟುಕೊಳ್ಳಿ. ಮೇಲಿನ ಮನೆಯ ಶವರಿನಿಂದ ಟಾಂಕಿಯ ನೀರಿಗೆ ಹೆಚ್ಚೆಂದರೆ ಮೂರು ಮೀಟರ್. ಒತ್ತಡ 0.3 ಕಿಲೋ. ನೆಲಮಾಳಿಗೆಯವರಿಗೆ ಅದರ ನಾಲ್ಕು ಪಟ್ಟು. ಬೇಸಿಗೆಯಲ್ಲಿ ಸ್ಲ್ಯಾಬಿನ ಕಾವು, ಮಳೆಗಾಲದಲ್ಲಿ ಸೋರುವಿಕೆ, ವರ್ಷವಿಡೀ ಸಣ್ಣ ನೀರು: ಮೇಲಿನ ಮಹಡಿಯವರ ಪಾಲಿಗೆ ಬಂದದ್ದು ಈ ಮೂರು. ಆದರೆ ಎಷ್ಟೋ ಕಟ್ಟಡಗಳಲ್ಲಿ ಅಡುಗೆಮನೆಯ ಒಂದು ನಳಕ್ಕೆ ರಸ್ತೆಯ ನೀರು ನೇರವಾಗಿ ಬರುತ್ತದೆ, ಬಚ್ಚಲಿಗೆ ಟಾಂಕಿಯದು. ಬೆಳಗಿನ ಹೊತ್ತು ಒಂದು ಭರ್ರೆಂದು ಬಂದು ಇನ್ನೊಂದು ಬಾರದಿದ್ದರೆ, ಗೀಸರನ್ನು ಬೈಯುವ ಮೊದಲು ಯಾವ ನಳ ಯಾವ ನೀರಿನದು ಎಂದು ನೋಡಬೇಕು.

ಊರಿನ ಹಂಡೆಗೆ ಈ ತಂಟೆ ಒಂದೂ ಇರಲಿಲ್ಲ. ಬಚ್ಚಲ ಮೂಲೆಯಲ್ಲಿ ಒಲೆಯ ಮೇಲೆ ಕೂತ ತಾಮ್ರದ ಹಂಡೆ, ಅಡಿಯಲ್ಲಿ ತೆಂಗಿನ ಮಡಲು, ಅಡಿಕೆ ಹಾಳೆ, ಸೋಗೆ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಕುತ್ತಿಗೆಗೆ ಹಿಂಡಲೆ ಬಳ್ಳಿ ಸುತ್ತಿ ಬಾವಿಯ ನೀರು ತುಂಬುವುದು. ಬಿಸಿನೀರಿಗೆ ಹಬ್ಬವಿರುವ ನಾಡಿನಿಂದ ಬಂದವರು ನಾವು. ಅಲ್ಲಿ ನೀರು 'ಬರುವುದಿಲ್ಲ', ನಾವೇ ತಂಬಿಗೆಯಲ್ಲಿ ಮೊಗೆದು ಹೊಯ್ದುಕೊಳ್ಳುತ್ತೇವೆ. ಬಾಣಂತಿಗೆ ನೀರು ಹಾಕುವ ಅಜ್ಜಿ ಬೆನ್ನಿಗೆ ರಪ್ಪನೆ ಎರಚುವ ಬಿಸಿನೀರಿನ ಒತ್ತಡಕ್ಕೆ ಯಾವ ಕಂಪನಿಯ ಶವರೂ ಸಮವಲ್ಲ.

ಇದೇ ಹಂಡೆಯ ಮರಾಠಿ ತಂಗಿ 'ಬಂಬ್'. ತಾಮ್ರದ್ದು, ಉದ್ದನೆಯದು, ನಡುವೆ ಕೆಂಡ ಹಾಕುವ ಕೊಳವೆ, ಕೆಳಗೆ ಪುಟ್ಟ ನಳ. ಹಳೆಯ ಮುಂಬಯಿಯ ಅನುಕೂಲಸ್ಥರ ಮನೆಗಳಲ್ಲಿ ಅದು ಇತ್ತು. ಚಾಳಿನಲ್ಲಿ ಅದಕ್ಕೂ ಜಾಗವಿರಲಿಲ್ಲ. 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರಳಿ, ನಾಯ್ಗಾಂವ್, ಶಿವಡಿ ಮತ್ತು ಡಿಲೈಲ್ ರೋಡಿನಲ್ಲಿ ಕಟ್ಟಿದ ಬಿಡಿಡಿ ಚಾಳುಗಳಲ್ಲಿ ಒಂದು ಕುಟುಂಬಕ್ಕೆ 160 ಚದರಡಿಯ ಒಂದೇ ಕೋಣೆ, ಶೌಚಾಲಯ ಎಲ್ಲರಿಗೂ ಸೇರಿ. ಕೋಣೆಯ ಮೂಲೆಯ ಮೋರಿಯಲ್ಲಿ ಕೂತು ಸ್ನಾನ. ಪಾತ್ರೆಯಲ್ಲಿ ನೀರು ಕಾಯಿಸಲು ರೇಷನ್ ಸೀಮೆಎಣ್ಣೆಯ ಬತ್ತಿ ಸ್ಟವ್, ಆಮೇಲೆ ಬಾಲ್ದಿಯೊಳಗೆ ಇಳಿಬಿಡುವ ಕರೆಂಟಿನ ರಾಡ್. ಮಂಗಳೂರಿನಿಂದ ಹಡಗಿನಲ್ಲಿ ಬಂದು ಕೋಟೆಯ ಹೋಟೆಲುಗಳಲ್ಲಿ ಕಪ್ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಅಂಗಡಿಯ ಬೆಂಚಿನ ಮೇಲೆ ಮಲಗಿದ ನಮ್ಮ ಹುಡುಗರಿಗೆ ಅಷ್ಟೂ ಇರಲಿಲ್ಲ. ದಿನವಿಡೀ ಇಡೀ ಕೋಟೆಗೆ ಬಿಸಿಬಿಸಿ ಚಹಾ ಕೊಟ್ಟವರು ಬೆಳಿಗ್ಗೆ ನಾಲ್ಕಕ್ಕೆ ತಣ್ಣೀರು ಸುರಿದುಕೊಳ್ಳುತ್ತಿದ್ದರು. ಹಿರಿಯರು ಇದನ್ನು ದುಃಖದ ಕಥೆಯಾಗಿ ಹೇಳುತ್ತಿರಲಿಲ್ಲ, ಇದೂ ಗಮನಿಸಬೇಕಾದ ವಿಷಯ.

ನಾನು ಒತ್ತಿ ಹೇಳಬೇಕಾದದ್ದು ಇಷ್ಟು: ಬಾಲ್ದಿ ಸಮಾನತೆಯ ಪಾತ್ರೆ. ನೀರು ನಿಧಾನವಾಗಿ ಬಂದರೂ ಅದು ತುಂಬುತ್ತದೆ, ತಂಬಿಗೆ ಎತ್ತಿ ಹೊಯ್ದರೆ ಮೇಲಿನ ಮಹಡಿಯವನ ತಲೆಗೂ ಕೆಳಗಿನವನ ತಲೆಗೂ ಒಂದೇ ರಭಸ. ಶವರ್ ಬಂದ ಮೇಲೆಯೇ ಒತ್ತಡ ನಮ್ಮ ಮನೆಯ ಸಮಸ್ಯೆಯಾದದ್ದು.

'ಗೀಸರ್' ಪದ ಐಸ್‌ಲ್ಯಾಂಡಿನದು. ನೆಲದಿಂದ ಚಿಮ್ಮುವ ಬಿಸಿನೀರಿನ ಬುಗ್ಗೆಗೆ ಅಲ್ಲಿ ಗೆಯ್ಸಿರ್ ಎನ್ನುತ್ತಾರೆ. 1868ರಲ್ಲಿ ಲಂಡನ್ನಿನ ಬಣ್ಣದ ಕೆಲಸಗಾರ ಬೆಂಜಮಿನ್ ವ್ಯಾಡಿ ಮಾನ್ ಅನಿಲದ ಜ್ವಾಲೆಯಿಂದ ಹರಿಯುವ ನೀರನ್ನೇ ಕಾಯಿಸುವ ಯಂತ್ರ ಮಾಡಿ ಅದಕ್ಕೆ ಆ ಹೆಸರಿಟ್ಟ. ಹೊಗೆ ಹೊರಹೋಗಲು ಅದರಲ್ಲಿ ಕೊಳವೆ ಇರಲಿಲ್ಲ, ಹಾಗಾಗಿ ಅದು ಮನೆಬಳಕೆಗೆ ಅಪಾಯಕಾರಿಯಾಗಿತ್ತು. ಅಮೆರಿಕದಲ್ಲಿ ಎಡ್ವಿನ್ ರೂಡ್ 1889ರಲ್ಲಿ ನೀರು ಕೂಡಿಟ್ಟು ತಾನಾಗಿ ಕಾಯಿಸುವ ಟಾಂಕಿ ಮಾಡಿದ. ಮುಂಬಯಿಯ ಬೀದಿಗಳಲ್ಲಿ ಅನಿಲದ ದೀಪ ಹೊತ್ತಿದ್ದು 1865ರಲ್ಲಿ. ಖೋಪೋಲಿಯಿಂದ ಟಾಟಾ ಜಲವಿದ್ಯುತ್ ಬಂದದ್ದು 1915ರಲ್ಲಿ. ಘಟ್ಟದ ಮಳೆನೀರು ಅಲ್ಲಿ ಸುಮಾರು ಐನೂರು ಮೀಟರ್ ಧುಮುಕಿ ಗಿರಣಿಗಳಿಗೆ ಕರೆಂಟು ಕೊಟ್ಟಿತು. ಐನೂರು ಮೀಟರ್ ಎಂದರೆ ಐವತ್ತು ಕಿಲೋ ಒತ್ತಡ. ನಮ್ಮ ಬಚ್ಚಲಿನಲ್ಲಿ 0.3. ಎರಡೂ ಅದೇ ಸಹ್ಯಾದ್ರಿಯ ಮಳೆ.

ಗೋಡೆಗೆ ನೇತುಹಾಕುವ ಕರೆಂಟಿನ ಗೀಸರಿನ ಒಳಗನ್ನು ಒಮ್ಮೆ ತಿಳಿದುಕೊಂಡರೆ ಅರ್ಧ ತಕರಾರು ಮುಗಿಯುತ್ತದೆ. ಅದು ಮುಚ್ಚಿದ ಹಂಡೆ. ತಣ್ಣೀರು ತಳದಿಂದ ಒಳಬರುತ್ತದೆ, ಬಿಸಿನೀರು ನೆತ್ತಿಯ ಹತ್ತಿರ ತುದಿಯಿರುವ ಉದ್ದ ಕೊಳವೆಯಿಂದ ಹೊರಹೋಗುತ್ತದೆ. ಹಿಂದಿನಿಂದ ತಣ್ಣೀರು ತಳ್ಳಿದರೆ ಮಾತ್ರ ಮುಂದಿನಿಂದ ಬಿಸಿನೀರು. ಬಿಸಿನೀರಿಗೆ ಸ್ವಂತ ಒತ್ತಡ ಎಂಬುದೇ ಇಲ್ಲ; ತಣ್ಣೀರಿನದನ್ನೇ ಸಾಲ ತಂದು, ಒಳಬರುವ ವಾಲ್ವ್, ಎರಡು ಕನೆಕ್ಷನ್ ಪೈಪು, ಗೋಡೆಯೊಳಗಿನ ಪೈಪು, ಮಿಕ್ಸರ್, ಇಷ್ಟು ಕಡೆ ಬಡ್ಡಿ ಕಟ್ಟಿ ಹೊರಬರಬೇಕು. ಬಂಡವಾಳವೇ 0.3 ಕಿಲೋ ಆದಾಗ ಬಡ್ಡಿ ಕಟ್ಟಿದ ಮೇಲೆ ಉಳಿಯುವುದು ದಾರ.

ಆದ್ದರಿಂದ ಮೊದಲ ಪರೀಕ್ಷೆ ಬಾಲ್ದಿಯದು. ಒಂದೇ ಬಾಲ್ದಿಯನ್ನು ಮೊದಲು ತಣ್ಣೀರಿನಿಂದ, ಆಮೇಲೆ ಬಿಸಿನೀರಿನಿಂದ ತುಂಬಿಸಿ ಗಡಿಯಾರ ನೋಡಿ. ಎರಡಕ್ಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಹಿಡಿದರೆ ಗೀಸರ್ ನಿರಪರಾಧಿ; ಟಾಂಕಿಯ ಮಟ್ಟ, ಅರ್ಧ ಮುಚ್ಚಿದ ಗೇಟ್ ವಾಲ್ವ್, ಇಳಿಯುವ ಪೈಪಿನಲ್ಲಿ ಸಿಕ್ಕ ಗಾಳಿ, ಇವುಗಳ ಕಡೆ ಹೋಗಬೇಕು. ಬಿಸಿನೀರು ಮಾತ್ರ ಎರಡು ಮೂರು ಪಟ್ಟು ತಡವಾದರೆ, ಮೇನ್ ಸ್ವಿಚ್ ತೆಗೆದು, ನೀರು ಆರಿದ ಮೇಲೆ, ಒಳಬರುವ ಕಡೆಯ ಕಾಕ್ ಮುಚ್ಚಿ ಪ್ಲಂಬರ್ ಕೈಯಲ್ಲಿ ಕನೆಕ್ಷನ್ ಪೈಪು ಬಿಚ್ಚಿಸಿ. ಎಷ್ಟೋ ಸಲ ಒಳಬರುವ ನೀರನ್ನು ಹಿಂದೆ ಹೋಗದಂತೆ ತಡೆಯುವ ಪುಟ್ಟ ವಾಲ್ವ್ ಕಸ ಸಿಕ್ಕಿ ಅರ್ಧ ತೆರೆದು ನಿಂತಿರುತ್ತದೆ. ಆದರೆ ಅದು ಕಾಟ ಕೊಡುತ್ತದೆಂದು ಕಿತ್ತು ಬಿಸಾಡಬಾರದು. ಸಾಮಾನ್ಯವಾಗಿ ಅದರಲ್ಲೇ ಹೆಚ್ಚಿನ ಒತ್ತಡ ಬಿಡುವ ವ್ಯವಸ್ಥೆಯೂ ಇರುತ್ತದೆ, ಅದಿಲ್ಲದ ಗೀಸರ್ ಬಾಂಬಿಗೆ ಸಮ.

ಇದಾದ ಮೇಲೆ ಪೈಪಿನ ಇತಿಹಾಸ. ಅರುವತ್ತು ಎಪ್ಪತ್ತರ ದಶಕದ ಸೊಸೈಟಿಗಳಲ್ಲಿ ಗೋಡೆಯೊಳಗಿದ್ದದ್ದು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ. ತಣ್ಣೀರಿನಲ್ಲಿ ಸತು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ಸುಮಾರು 60 ಡಿಗ್ರಿ ದಾಟಿದ ನೀರಿನಲ್ಲಿ ಈ ಕಾವಲು ತಪ್ಪುತ್ತದೆ. ಅದಕ್ಕೇ ಒಂದೇ ದಿನ ಹಾಕಿದ ಎರಡು ಪೈಪುಗಳಲ್ಲಿ ಬಿಸಿನೀರಿನದು ಮೊದಲು ತುಕ್ಕು ಹಿಡಿದು ಒಳಗಿನಿಂದ ಕಿರಿದಾಗುವುದು. ವ್ಯಾಸ ಅರ್ಧವಾದರೆ ನೀರು ಹೋಗುವ ದಾರಿ ಕಾಲುಭಾಗ, ಹರಿವು ಅದಕ್ಕಿಂತಲೂ ಕಮ್ಮಿ. ಮೂವತ್ತು ವರ್ಷ ಕಳೆದ ಅರ್ಧ ಇಂಚಿನ ಪೈಪನ್ನು ಕತ್ತರಿಸಿ ನೋಡಿದರೆ ನಡುವೆ ಪೆನ್ಸಿಲ್ ತೂರುವಷ್ಟು ರಂಧ್ರ ಕಂಡರೂ ಆಶ್ಚರ್ಯವಿಲ್ಲ. ಅಂಥಲ್ಲಿ ಹೊಸ ಗೀಸರ್ ತಂದು ಫಲವಿಲ್ಲ, ಟೈಲ್ಸ್ ಒಡೆದು ಸಿಪಿವಿಸಿ ಪೈಪು ಹಾಕಿಸಬೇಕು.

ಇನ್ನೊಂದು ಶತ್ರು ಸುಣ್ಣ. ಕೆರೆಗಳಿಂದ ಬರುವ ಮುಂಬಯಿಯ ನೀರು ಮೆದು, ಮಳೆನೀರಿನ ಗುಣ. ಪಾಲಿಕೆಯ ನೀರು ಮಾತ್ರ ಬರುವ ಮಾಟುಂಗದ ಗೀಸರ್ ಹದಿನೈದು ವರ್ಷ ಬಾಳಬಹುದು. ಅಲ್ಲಿಂದ ಬಾಡಿಗೆ ತಾಳದೆ ಮೀರಾ ರೋಡ್, ನಾಲಾಸೋಪಾರಾ ಕಡೆಗೆ ಹೋದ ನಮ್ಮವರ ಮನೆಯಲ್ಲಿ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬೆರೆಯುತ್ತದೆ. ಗಡುಸು ನೀರು ಕಾದಾಗ ಅದರೊಳಗೆ ಕರಗಿದ್ದ ಸುಣ್ಣ ಹಕ್ಕಳೆಗಟ್ಟಿ ಕಾಯಿಲ್‌ಗೂ ಕೊಳವೆಗೂ ಅಂಟುತ್ತದೆ, ಚೂರುಗಳು ಶವರಿನ ತೂತುಗಳಲ್ಲಿ ಕೂರುತ್ತವೆ. ತಣ್ಣೀರಿನ ನಳದಲ್ಲಿ ಈ ತಂಟೆ ಕಾಣುವುದು ಬಹಳ ಕಡಿಮೆ. ಶವರನ್ನು ಬಿಚ್ಚಿ ಒಂದು ರಾತ್ರಿ ವಿನೆಗರಿನಲ್ಲಿ ನೆನೆಸಿದರೆ ಅದರ ಮಟ್ಟಿಗೆ ಸರಿಹೋಗುತ್ತದೆ. ಒಳಗಿನ ಕಾಯಿಲ್ ಮೆಕ್ಯಾನಿಕ್ ಕೆಲಸ. ಜತೆಗೆ ಈಚಿನ ಒಂಟಿ ಹಿಡಿಕೆಯ ಚಂದದ ಮಿಕ್ಸರುಗಳು. ಅವುಗಳಲ್ಲಿ ಹೆಚ್ಚಿನವು ಒಂದು ಕಿಲೋ ಮೇಲಿನ ಒತ್ತಡ ಇರುವಲ್ಲಿಗೆಂದು ಮಾಡಿದವು. ಮೂರು ಮೀಟರಿನ ನೀರಿಗೆ ಹಳೆಯ ಎರಡು ಹಿಡಿಕೆಯ ಹಿತ್ತಾಳೆ ನಳವೇ ಮೇಲು.

ಇಷ್ಟಕ್ಕೆ ಜನ ಹಿಡಿಯುವ ಅಡ್ಡದಾರಿಗಳು ಎರಡು, ಎರಡೂ ಕೆಟ್ಟವು. ಒಂದು, ಪಾಲಿಕೆಯ ಪೈಪಿಗೇ ಮೋಟಾರ್ ಹಚ್ಚುವುದು. ಅದು ಕಾನೂನಿಗೂ ವಿರುದ್ಧ, ಪಕ್ಕದವರ ನೀರಿಗೂ ಕನ್ನ. ಪಾಳಿಯ ನೀರು ನಿಂತ ಮೇಲೆ ಖಾಲಿ ಪೈಪು ಒಳಕ್ಕೆ ಎಳೆದುಕೊಳ್ಳುತ್ತದೆ. ಮೋಟಾರ್ ಎಳೆದರೆ ಮತ್ತೂ ಜಾಸ್ತಿ. ಪಕ್ಕದಲ್ಲಿ ಗಟಾರವಿದ್ದು ಪೈಪಿನಲ್ಲಿ ಬಿರುಕಿದ್ದರೆ ಏನು ಬರುತ್ತದೆಂದು ಹೇಳಬೇಕಾಗಿಲ್ಲ. ಮಾಳಿಗೆಯ ಟಾಂಕಿಯಿಂದ ಇಳಿಯುವ ಪೈಪಿಗೆ ಸೊಸೈಟಿಯ ಒಪ್ಪಿಗೆಯಿಂದ ಸಣ್ಣ ಬೂಸ್ಟರ್ ಹಾಕುವುದು ಬೇರೆ ಮಾತು.

ಎರಡನೆಯದು ಪ್ರಾಣಕ್ಕೇ ಬರುವಂಥದು. ಬೇಗ ಕಾಯುತ್ತದೆ, ಕರೆಂಟು ಬಿಲ್ ಉಳಿಯುತ್ತದೆ ಎಂದು ಕಿಟಕಿ ಸರಿಯಾಗಿಲ್ಲದ ಪುಟ್ಟ ಬಚ್ಚಲಿನ ಒಳಗೇ ಗ್ಯಾಸ್ ಗೀಸರ್ ಹಾಕಿಸುವುದು. ನೀರು ಸಣ್ಣಗೆ ಬಂದರೆ ಅದು ಹೊತ್ತಿಕೊಳ್ಳುವುದೇ ಇಲ್ಲ. ಹೊತ್ತಿಕೊಂಡರೆ ಸ್ನಾನ ಬೇಕಾದ್ದಕ್ಕಿಂತ ಉದ್ದವಾಗುತ್ತದೆ. ಮುಚ್ಚಿದ ಜಾಗದಲ್ಲಿ ಉರಿದ ಅನಿಲ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ತಿರುಗಿತು ಎನ್ನುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿ ಕಾಲುಕೈಗಳಲ್ಲಿ ಇರುವುದಿಲ್ಲ. ಹೀಗೆ ಸತ್ತವರ ಸುದ್ದಿ ಚಳಿಗಾಲದಲ್ಲಿ ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ, ಎಷ್ಟೋ ಸಲ ಎಳೆಯ ವಯಸ್ಸಿನವರದು. ಮಾನ್‌ನ 1868ರ ಯಂತ್ರದಲ್ಲಿ ಇಲ್ಲದಿದ್ದ ಕೊಳವೆ ಇವತ್ತಿನ ಎಷ್ಟೋ ಬಚ್ಚಲುಗಳಲ್ಲೂ ಇಲ್ಲ. ಗ್ಯಾಸ್ ಗೀಸರ್ ಬೇಕೇ ಬೇಕೆಂದರೆ ಅದು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಇರಲಿ.

ಈ ನಗರದಲ್ಲಿ ನೀರಿನ ಒತ್ತಡದ ಬಗ್ಗೆ ಮಾತಾಡುವಾಗ ನಳವೇ ಇಲ್ಲದವರನ್ನು ಬಿಡಲಾಗದು. ನಿಗದಿತ ವರ್ಷದ ನಂತರ ಎದ್ದ ಜೋಪಡಿಗಳಿಗೆ ಪಾಲಿಕೆ ಬಹುಕಾಲ ನೀರಿನ ಕನೆಕ್ಷನ್ ಕೊಡುತ್ತಿರಲಿಲ್ಲ. ಪಾನಿ ಹಕ್ ಸಮಿತಿಯವರು ಕೋರ್ಟಿಗೆ ಹೋದ ಮೇಲೆ 2014ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್, ಮನೆ ಅಕ್ರಮವೆಂಬ ಕಾರಣಕ್ಕೆ ನೀರು ನಿರಾಕರಿಸಲಾಗದು ಎಂದಿತು. ಅದೇ ವರ್ಷ ಮುಲುಂಡ್ ಮತ್ತು ಬಾಂದ್ರಾ ಪಶ್ಚಿಮದಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗವೂ ಶುರುವಾಗಿತ್ತು. ಮುಂಬಯಿಯ ಬಹುಪಾಲು ಇಂದಿಗೂ ಪಾಳಿಯ ಮೇಲೇ ಇದೆ.

ಬಿಡಿಡಿ ಚಾಳುಗಳು ಈಗ ಉರುಳುತ್ತಿವೆ. 2025ರ ಆಗಸ್ಟಿನಲ್ಲಿ ವರಳಿಯ ಮೊದಲ ಕಂತಿನ ನಿವಾಸಿಗಳಿಗೆ ಗಗನಚುಂಬಿಗಳಲ್ಲಿ 500 ಚದರಡಿಯ ಮನೆಗಳ ಬೀಗದಕೈ ಸಿಕ್ಕಿತು. ನಲವತ್ತು ಮಹಡಿ ಎಂದರೆ ಸುಮಾರು 120 ಮೀಟರ್, ತಳದಲ್ಲಿ 12 ಕಿಲೋ ಒತ್ತಡ. ಮಾಮೂಲು ಗೀಸರುಗಳು ತಾಳುವುದು ಆರರಿಂದ ಎಂಟು. ಹಾಗಾಗಿ ಇಂಥ ಎತ್ತರದ ಕಟ್ಟಡಗಳಲ್ಲಿ ನಡುನಡುವೆ ಒತ್ತಡ ಇಳಿಸುವ ವಾಲ್ವ್‌ಗಳನ್ನು ಹಾಕಬೇಕಾಗುತ್ತದೆ. ಮೋರಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅರ್ಧ ಬಾಲ್ದಿಯಲ್ಲಿ ಮಿಂದವರ ಮೊಮ್ಮಕ್ಕಳ ಮನೆಗೆ ಪ್ಲಂಬರ್ ಬರುವುದು ಇನ್ನು ಮುಂದೆ ಪ್ರೆಶರ್ ಜಾಸ್ತಿಯಾಗಿದೆ ಎಂಬ ದೂರಿಗೂ ಇರಬಹುದು.